ಖಾಲಿ ಜಾಗದ ಐಲಾ

ಗಿರಾಕಿಯ ಬೂಟು ನೋಡಿಯೇ ಅವನು ಗಾಳ ಕೊಳ್ಳುತ್ತಾನೋ ಬರೀ ಬೆಲೆ ಕೇಳಿ ಹೋಗುತ್ತಾನೋ ಎಂದು ಹೇಳಬಲ್ಲ, ಅಮೆರಿಕದ ಡುಲೂತ್ ಊರಿನ ಮೀನುಗಾಳದಂಗಡಿಯ ವರ್ನರ್‌ಗೆ, ಪಕ್ಕದ ಮನೆಯ ಐಲಾ ಮೊದಲ ನೋಟಕ್ಕೆ ಬಿಕರಿಯಾಗದ ಸರಕಿನಂತೆ ಕಂಡಿದ್ದಳು: ಮೊಣಕೈ ಸವೆದ ಸ್ವೆಟರ್, ಕೈಯಲ್ಲಿ ಆರಿದ ಕಾಫಿ, ಬಾಯಲ್ಲಿ ಸಾವಿರ ಪ್ರಶ್ನೆ. ತಂತ್ರಾಂಶಗಳಿಗೆ ಬೇಕಾದ ಬಿಡಿಭಾಗಗಳನ್ನು ಹುಡುಕಿ ತಂದು ಜೋಡಿಸುವ ಒಂದು ತಂತ್ರಾಂಶವನ್ನು ನೋಡಿಕೊಳ್ಳುವುದು ಅವಳ ಕಸುಬು. ಬಳಸುವವರು ಯಾವುದೋ ಆಯ್ಕೆಯ ಜಾಗವನ್ನು ಖಾಲಿ ಬಿಟ್ಟರೆ, ಅದು ತಾನೇ ಊಹಿಸದೆ ನಿಂತು ಕೇಳುವಂತೆ ಮಾಡಿದ್ದಾಳೆ. "ಬೇಡ ಅನ್ನೋದು ಬೇರೆ, ಏನೂ ಹೇಳದೇ ಇರೋದು ಬೇರೆ ಕಣ್ರೀ," ಎನ್ನುವುದು ಅವಳ ಜಪ. ನೆರೆಯವರನ್ನು ಊಟಕ್ಕೆ ಕರೆದು ಕಾಫಿ ಕೊಡುವಾಗಲೂ ಅದೇ ಚಾಳಿ. "ಸಕ್ಕರೆ ಬಗ್ಗೆ ನೀವೇನೂ ಹೇಳ್ಲಿಲ್ಲ ವರ್ನರ್, ಹಾಕ್ಲಾ?" "ನಲವತ್ತು ವರ್ಷದಿಂದ ಹಾಕ್ಕೊಂಡೇ ಕುಡೀತಿದ್ದೀನಿ ಮಾರಾಯ್ತಿ!" "ಅದು ನಿನ್ನೆವರೆಗಿನ ಮಾತು." ಅವಳ ನಾಯಿ ಕೂಡ ಬಾಗಿಲು ತೆರೆದಿದ್ದರೂ ಅವಳು ಕೇಳುವವರೆಗೆ ಹೊರಗೆ ಹೋಗುವುದಿಲ್ಲವೆಂದು ಬೀದಿಯವರು ನಗುತ್ತಾರೆ. ಪಾರ್ಶ್ವವಾಯು ಬಡಿದ ಮೇಲೆ ವರ್ನರ್‌ನ ಹೆಂಡತಿ ಸೋಲ್ವೈಗೆ ಮಾತು ಹೊರಡುವುದು ಬಲು ತಡ. ಅವಳ ಮೌನವನ್ನೇ 'ಬೇಡ' ಎಂದು ತಿಳಿದು ಗಂಡನೂ ಸೇರಿ ಎಲ್ಲರೂ ಪೈ ಎಂಬ ಸಿಹಿತಿನಿಸಿನ ತಟ್ಟೆಯನ್ನು ಅವಳ ಮುಂದಿನಿಂದ ದಾಟಿಸಿಬಿಡುತ್ತಿದ್ದರು. ಕಳೆದ ಭಾನುವಾರದ ಊಟದಲ್ಲಿ ಐಲಾ ಆ ತಟ್ಟೆ ಹಿಡಿದು ಅಲ್ಲಾಡದೆ ನಿಂತಳು. "ಸೋಲ್ವೈ, ನಿಮಗೆ ಪೈ ಬೇಕಾ?" ವರ್ನರ್ ಬಾಯಿ ತೆರೆದರೆ, "ನಿಮ್ಮನ್ನ ಕೇಳ್ಲಿಲ್ಲ," ಎಂದಳು. ಎಲ್ಲರ ಕಾಫಿಯೂ ಆರಿತು. ಕೊನೆಗೆ ಸೋಲ್ವೈ, "ದೊಡ್ಡ... ತುಂಡು," ಎಂದಾಗ ಮೇಜಿನ ಸುತ್ತ ನಗುವೋ ನಗು. ಹೆಂಡತಿಯ ದನಿಯನ್ನು ಮತ್ತೆ ಕೇಳಿಸಿದವಳು ಐಲಾ; ಆ ಋಣ ವರ್ನರ್‌ನ ಮೇಲಿದೆ.