ಆಯಿಯ ಮನೆಗೆ ಹೊಸ ತೊಲೆ

ನಾವು ಆಯಿ ಎಂದೇ ಕರೆಯುತ್ತಿದ್ದ ನಮ್ಮ ಮನೆ ಮಾಲಕಿಯ ಬಲಗೈ ನಡುಬೆರಳಿನ ಗೆಣ್ಣು ಹುಣಸೆ ಬೀಜದಷ್ಟು ಗಟ್ಟಿಯಾಗಿತ್ತು. ಶೇಡಬಾಳದ ಆ ಹಂಚಿನ ಮನೆಗೆ ಬಂದಾಗಲೆಲ್ಲ ಆಯಿ ಮೊದಲು ಗೋಡೆಯನ್ನು ಬಡಿದು ನೋಡುತ್ತಿದ್ದರು, ಆಮೇಲೆ ನಮ್ಮನ್ನು ಮಾತನಾಡಿಸುತ್ತಿದ್ದರು. “ಬಾಡಿಗಿ ಮನಿಗೆ ಕೈ ಹಚ್ಚಬ್ಯಾಡೋ. ಹಚ್ಚಿದ ಕೈ ಬಿಡೂದುಲ್ಲ” ಎನ್ನುವುದು ಅವರ ಮಂತ್ರ. ಮೊಳೆಗೂ ಪಂಚಾಯ್ತಿ ಮಾಡುವ ಮುದುಕಿ ಎಂದು ನಾನು ಹೆಂಡತಿಯೆದುರು ಗೊಣಗುತ್ತಿದ್ದೆ.

ಆ ಮಳೆಗಾಲದಲ್ಲಿ ಆಯಿ ಮಗಳ ಊರಿಗೆ ಹೋಗಿದ್ದಾಗ ನಡುಮನೆಯ ತೊಲೆ ಚಟ್ಟೆಂದು ಸೀಳಿತು. ಅದರ ಕೆಳಗೇ ನನ್ನ ತುಂಬು ಬಸುರಿ ಹೆಂಡತಿಯ ಹಾಸಿಗೆ. ನಾಲ್ಕು ಸಲ ಫೋನ್ ಮಾಡಿದೆ, ಆಯಿ ಎತ್ತಲಿಲ್ಲ. ಹೆರಿಗೆಗೆಂದು ತೆಗೆದಿಟ್ಟಿದ್ದ ಹಣದಲ್ಲೇ ಊರಲ್ಲಿ ಮನೆ ಕಟ್ಟುವ ಗೌಂಡಿ ಚಾಚಾನಿಂದ ಹೊಸ ತೊಲೆ ಹಾಕಿಸಿಬಿಟ್ಟೆ. ಬಂದ ಮೇಲೆ ಕೊಡುತ್ತಾರೆಂಬ ಧೈರ್ಯ.

ಬಂದ ಆಯಿ ಬಿಲ್ಲನ್ನು ಮುಟ್ಟಲೂ ಇಲ್ಲ.

“ಯಾರನ್ನ ಕೇಳಿ ಹಾಕ್ಸಿದಿ?”

“ಮೈಮ್ಯಾಲೆ ಬೀಳೂ ಹಂಗಿತ್ರಿ ಆಯಿ. ಫೋನ್ ಹಚ್ಚಿದ್ನಿ, ನೀವು ಎತ್ತಲಿಲ್ಲ.”

“ಒಂದ್ ಪೈಸಾ ಕೊಡೂದುಲ್ಲ. ಇವತ್ತ ತೊಲಿ ಹಾಕ್ಸಿದಿ, ನಾಳೆ ಮನೀನ ನಂದು ಅಂತಿ.”

ನನ್ನ ಪಿತ್ತ ನೆತ್ತಿಗೇರಿತು. “ಹಂಗಾರ ಮುಂದಿನ ತೊಲಿ ನಿಮ್ಮ ತಲಿ ಮ್ಯಾಲೇ ಬೀಳ್ಲಿ!” ಎಂದೆ.

ಆಯಿಯ ಮುಖ ಬಿಳಿಚಿತು. “ತಿಂಗಳದಾಗ ಮನಿ ಖಾಲಿ ಮಾಡು” ಎಂದು ಹೊರಟೇಬಿಟ್ಟರು.

ಚಾಚಾ ಆಮೇಲೆ ಹೇಳಿದ. ಐನಾಪುರದಲ್ಲಿದ್ದ ಆಯಿಯ ಮನೆತನದ ಹೊಲದಲ್ಲಿ ಗೇಣಿದಾರ ತನ್ನ ಖರ್ಚಿನಲ್ಲಿ ಬಾವಿ ತೋಡಿಸುತ್ತೇನೆಂದಾಗ ಆಯಿಯ ಮಾವ ಖುಷಿಯಿಂದ ಒಪ್ಪಿದ್ದರಂತೆ. ಮುಂದೆ ಗೇಣಿದಾರರಿಗೇ ಭೂಮಿ ಎಂದು ಕಾಯ್ದೆ ಬಂದಾಗ ಅವನು ಅದೇ ಬಾವಿ ತೋರಿಸಿ ಹೊಲ ತನ್ನದಾಗಿಸಿಕೊಂಡ. ಕೇಳಿ ನನಗೆ ಮರುಕವೇನೂ ಹುಟ್ಟಲಿಲ್ಲ. ನನಗೆ ಹಣ ಬೇಕಿತ್ತು. ಚಾಚಾ ಮಾತ್ರ ಗೆದ್ದಲು ತಿಂದ ಹಳೆಯ ತೊಲೆಯ ತುಂಡೊಂದನ್ನು ಒಯ್ದು ಆಯಿಯ ಕಟ್ಟೆಯ ಮೇಲಿಟ್ಟು ಬಂದ.

ಮೂರನೇ ದಿನ ಹೆಂಡತಿಗೆ ನೋವು ಶುರುವಾಯಿತು. ಅಥಣಿಯ ಆಸ್ಪತ್ರೆಯಲ್ಲಿ ಆಪರೇಷನ್ ಎಂದರು, ಹಣ ಕಟ್ಟಿ ಎಂದರು. ಕೇಳಬಹುದಾದವರನ್ನೆಲ್ಲ ಫೋನಿನಲ್ಲಿ ಕೇಳಿ ಮುಗಿದಿತ್ತು. ಅಷ್ಟರಲ್ಲಿ ಚಾಚಾನಿಂದ ಸುದ್ದಿ ತಿಳಿದ ಆಯಿ ಬಸ್ಸಿಳಿದು ಬಂದರು. ಮೊದಲು ಒಂದು ಕಾಗದ ಚಾಚಿದರು: ‘ತೊಲೆಯ ಖರ್ಚು ಮಾಲಕಿಯದು. ಮನೆಯ ಮೇಲೆ ಬಾಡಿಗೆದಾರನಾದ ನನಗೆ ಹಕ್ಕಿಲ್ಲ.’

“ಸಹಿ ಮಾಡಪಾ. ಒಮ್ಮಿ ಕಳಕೊಂಡಾಕಿ ನಾ.”

ಸಿಟ್ಟಿನಿಂದಲೇ ಸಹಿ ಹಾಕಿದೆ. ಆಯಿ ಬಿಲ್ಲಿನ ಪೂರ್ತಿ ಹಣ ನನ್ನ ಕೈಗಿಟ್ಟು, “ಲಗೂ ಕಟ್ಟಿ ಬಾ” ಎಂದರು.

ಮಗಳು ಹುಟ್ಟಿದಾಗ ಹೊತ್ತು ಮುಳುಗಿತ್ತು. ಆಯಿ ಬೆಂಚಿನ ಮೇಲೆ ಕುಳಿತೇ ಇದ್ದರು. ಚಹಾ ತಂದರೆ ಬೇಡವೆಂದರು. ಜೈನರು, ಕತ್ತಲಾದ ಮೇಲೆ ಹನಿ ನೀರೂ ಮುಟ್ಟುವವರಲ್ಲ. ಮಧ್ಯಾಹ್ನವೂ ಉಂಡಿರಲಿಲ್ಲವಂತೆ. “ಆ ಗೆದ್ದಲ ತಿಂದ ತೊಲಿ ತುಂಡ ನೋಡಿದ ಮ್ಯಾಲೆ ತುತ್ತ ಇಳೀಲಿಲ್ಲೋ. ಖಾಲಿ ಮಾಡೂದು ಬ್ಯಾಡ, ಕೂಸಿನ್ನ ಸೀದಾ ಆ ಮನಿಗೇ ಕರ್ಕೊಂಡ್ ಬರ್ರಿ” ಎಂದರು.

ಆ ಮನೆಯಲ್ಲಿ ಮುಂದೆ ಆರು ವರ್ಷ ಇದ್ದೆವು. ಹೋದ ವರ್ಷ ಆಯಿ ತೀರಿಕೊಂಡರು. ಅಂದು ಸಿಟ್ಟಿನಲ್ಲಿ ನಾನಾಡಿದ ಮಾತಿಗೆ ತಪ್ಪಾಯಿತು ಎನ್ನಲು ನನಗೆ ಅವಕಾಶವಿತ್ತು, ಬಾಡಿಗೆಗೆಂದು ಅವರು ತಿಂಗಳು ತಿಂಗಳೂ ನನ್ನೆದುರು ಬಂದು ನಿಲ್ಲುತ್ತಿದ್ದರು. ನಾನು ಬಾಡಿಗೆ ಕೊಟ್ಟೆ, ಚಹಾ ಕೊಟ್ಟೆ, ಮಗಳನ್ನು ಅವರ ತೊಡೆಯ ಮೇಲೆ ಕೂರಿಸಿದೆ. ಆ ಒಂದು ಮಾತು ಮಾತ್ರ ಹೇಳಲಿಲ್ಲ.