ಅಕ್ಕು ಬೆಳ್ಳಿ ಹಿಡಿಸಿದ ಬಸ್ಸಿನ ದೀಪಗಳು

ಎರಡನೆಯ ಮಹಾಯುದ್ಧ ಶುರುವಾಗಿ ಮೂರು ವರ್ಷವಾಗುವಷ್ಟರಲ್ಲಿ ಮಂಗಳೂರಿನ ಬಸ್ಸುಗಳು ಪೆಟ್ರೋಲು ಮರೆತು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂಬದಿಯಲ್ಲಿ ಒಂದು ದೊಡ್ಡ ಹಂಡೆ, ಅದರೊಳಗೆ ಕೆಂಡ, ಏರು ಬಂದರೆ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. ಹಾಶಿಂ ಸಾಹುಕಾರರಿಗೆ ಅಂಥದೊಂದು ಬಸ್ಸಿತ್ತು. ಅದನ್ನು ಹಂಪನಕಟ್ಟೆಯಿಂದ ಬಜಪೆಗೆ ಓಡಿಸುತ್ತಿದ್ದವನು ಜೆಪ್ಪಿನ ಲೋಕಯ್ಯ. ಅಕ್ಕು ಅವನ ಹೆಂಡತಿ.

ಮದುವೆಗೆ ಮುಂಚೆ ಅಕ್ಕು ಒಂದು ದೊಡ್ಡ ಮನೆಯಲ್ಲಿ ಪಾತ್ರೆ ಬೆಳಗುವ ಕೆಲಸಕ್ಕಿದ್ದಳು. ಹಬ್ಬದ ಹಿಂದಿನ ದಿನ ಕಂಚು, ಹಿತ್ತಾಳೆ, ತಾಮ್ರವನ್ನೆಲ್ಲ ಅಂಗಳದಲ್ಲಿ ಹರಡಿಕೊಂಡು ಕೂತರೆ ಸೂರ್ಯ ನೆತ್ತಿಗೆ ಬರುವುದರೊಳಗೆ ಅಂಗಳವೇ ಹೊಳೆಯುತ್ತಿತ್ತು. ಆ ಕೆಲಸದ ಬಗ್ಗೆ ಅವಳಿಗೆ ಒಳಗೊಳಗೇ ಒಂದು ಹೆಮ್ಮೆ.

ಹಾಗಾಗಿ ಲೋಕಯ್ಯ ಒಂದು ದಿನ ಬಸ್ಸಿನ ಎರಡೂ ಹೆಡ್‌ಲೈಟುಗಳನ್ನು ಬಿಚ್ಚಿ ಮನೆಗೆ ತಂದಾಗ ಅವಳಿಗೆ ಚಿಂತೆಯೇನೂ ಆಗಲಿಲ್ಲ. ಗಾಜು ತೆಗೆದರೆ ಒಳಗೆ ಬಟ್ಟಲಿನ ಆಕಾರದ ಹಿತ್ತಾಳೆ. ಅದರ ಮೇಲೆ ಬೆಳ್ಳಿಯ ಲೇಪ. ಕಡಲಿನ ಗಾಳಿಗೂ ಇದ್ದಿಲಿನ ಹೊಗೆಗೂ ಅದು ಸುಟ್ಟ ಕಾವಲಿಯ ಹಾಗೆ ಕಪ್ಪಾಗಿತ್ತು. ಬಲ್ಬು ಉರಿದರೂ ರಸ್ತೆಗೆ ಮಂದ ಬೆಳಕಷ್ಟೇ ಬೀಳುತ್ತಿತ್ತು.

"ಹೊಸತು ಸಿಕ್ಕುವುದಿಲ್ಲವಾ?" ಎಂದು ಅಕ್ಕು ಕೇಳಿದಳು.

"ಎಲ್ಲಿಂದ ಸಿಕ್ಕುವುದು ಮಾರಾಯ್ತಿ? ಹಡಗೇ ಬರುವುದಿಲ್ಲ. ಮದ್ರಾಸಿನಲ್ಲಿಯೂ ಇಲ್ಲವಂತೆ. ಮೊನ್ನೆ ಸಂಜೆ ಒಂದು ಎಮ್ಮೆಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು."

"ಇಡಿ ಅಲ್ಲಿ. ಬೆಳಗಿ ಕೊಡ್ತೇನೆ."

ಮರುದಿನ ಅವಳು ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ಕೂತಳು. ಕಪ್ಪು ಬೇಗ ಬಿಟ್ಟಿತು. ಅದರ ಹಿಂದೆಯೇ ಬಿಳುಪೂ ಬಿಟ್ಟಿತು. ಅವಳಿಗೆ ತಿಳಿಯುವಷ್ಟರಲ್ಲಿ ಎರಡೂ ಬಟ್ಟಲುಗಳಲ್ಲಿ ಹಳದಿ ಹಿತ್ತಾಳೆಯ ಮೇಲೆ ನಾರಿನ ಗೀರುಗಳು ಮಾತ್ರ ಉಳಿದಿದ್ದವು. ಬೆಳ್ಳಿ ಅಷ್ಟು ತೆಳ್ಳಗಿದ್ದೀತೆಂದು ಅವಳು ಎಣಿಸಿರಲಿಲ್ಲ. ಗೀರು ಬಿದ್ದ ಹಿತ್ತಾಳೆಯಿಂದ ಮೊದಲಿನ ಮಂದ ಬೆಳಕೂ ರಸ್ತೆಗೆ ಬೀಳುವಂತಿರಲಿಲ್ಲ.

ಲೋಕಯ್ಯ ಬೈಯಲಿಲ್ಲ. ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ ಸುಮ್ಮನೆ ಕೆಳಗಿಟ್ಟ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಹಾಶಿಂ ಸಾಹುಕಾರರು, "ಇನ್ನು ಸಂಜೆಯ ಟ್ರಿಪ್ ಬೇಡ ಲೋಕಯ್ಯ, ಜನರ ಜೀವದ ಪ್ರಶ್ನೆ" ಎಂದರು, ಅಷ್ಟೆ.

ಆ ಟ್ರಿಪ್ ನಿಂತದ್ದರಿಂದ ಯಾರಿಗೆ ಕಷ್ಟವಾಯಿತೆಂದು ಅಕ್ಕುವಿಗೆ ಗೊತ್ತಾದದ್ದು ಕಂಕನಾಡಿ ಪೇಟೆಯಲ್ಲಿ. ಬಜಪೆಯಿಂದ ಮಲ್ಲಿಗೆ ತಂದು ಮಾರುವ ಗುಲಾಬಿ ಎಂಬವಳು ಅರ್ಧ ಬುಟ್ಟಿ ಹೂವು ಮಾರದೆ ಉಳಿದಿದ್ದರೂ ಎದ್ದು ಹೊರಟಿದ್ದಳು.

"ಇಷ್ಟು ಬೇಗ ಎಂತದು?" ಎಂದಳು ಅಕ್ಕು.

"ಸಂಜೆಯ ಬಸ್ಸು ಇಲ್ಲವಲ್ಲ ಅಕ್ಕಾ. ಈಗ ಹೊರಟರೆ ಕತ್ತಲೆಯಾಗುವುದರೊಳಗೆ ನಡೆದು ಮುಟ್ಟಬಹುದು. ಅದರ ಲೈಟು ಯಾರೋ ಹಾಳು ಮಾಡಿದ್ದಂತೆ."

ಅಕ್ಕು ಉಳಿದ ಹೂವಿನಲ್ಲಿ ಸುತ್ತಿಟ್ಟ ಮಾಲೆಯ ಎರಡು ಚೆಂಡು ಕೊಂಡಳು. ಯಾರೋ ಅಲ್ಲ, ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಆದರೆ ಮನೆಯ ಕಡೆಗೆ ತಿರುಗಲೂ ಕಾಲು ಬರಲಿಲ್ಲ. ಬೆಳ್ಳಿ ಹೋದದ್ದು ಹೌದಾದರೆ ಬೆಳ್ಳಿ ಮತ್ತೆ ಹಿಡಿಸುವ ದಾರಿಯೂ ಇರಬೇಕಲ್ಲ ಎಂದು ಯೋಚಿಸುತ್ತ ನಡೆದಳು. ಅಕ್ಕಸಾಲಿಗರಲ್ಲಿ ಕೇಳಿದಳು. ಅವರು ತಗಡು ಹೊದೆಸಿಯೇವು, ಕನ್ನಡಿಯಂತೆ ಹೊಳೆಯಲಿಕ್ಕಿಲ್ಲ ಎಂದರು. ಅವರಲ್ಲೊಬ್ಬರು, ಫೋಟೊ ಕೆಲಸಕ್ಕೂ ಬೆಳ್ಳಿಯೇ ಬೇಕೆಂದು, ಫೋಟೊ ಸ್ಟುಡಿಯೋದ ಮಧ್ವರಾಜ ರಾಯರ ಹೆಸರು ಹೇಳಿದರು.

ಮಧ್ವರಾಜರು ದೇವಸ್ಥಾನದ ಪೂಜೆಯ ಮನೆತನದವರು. ತಮ್ಮಂದಿರಿಗೆ ಪೂಜೆ ಬಿಟ್ಟುಕೊಟ್ಟು ಕ್ಯಾಮೆರಾ ಹಿಡಿದವರು. ಮರುದಿನ ಅಕ್ಕು ಒಯ್ದ ಬಟ್ಟಲನ್ನು ತಿರುಗಿಸಿ ನೋಡಿ ನಕ್ಕರು.

"ಬೂದಿ ಹಾಕಿ ತಿಕ್ಕಿದೆಯಾ?"

"ಹೌದು ರಾಯರೇ. ಪಾತ್ರೆ ಅಂತ ಎಣಿಸಿದೆ."

"ಗಡಿಯಾರದ ಮುಖಕ್ಕೆ ಬೆಳ್ಳಿ ಹಿಡಿಸುವುದನ್ನು ನಾನು ಒಮ್ಮೆ ನೋಡಿದ್ದುಂಟು. ಮಾಡಿ ಗೊತ್ತಿಲ್ಲ. ನೋಡುವ."

ಅವರು ಕಪ್ಪು ಸೀಸೆಯಿಂದ ಕೆಲವು ಬಿಳಿ ಹರಳು ತೆಗೆದರು. ಬೆಳ್ಳಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಮಾಡಿದ ಹರಳು. ನೀರಿನಲ್ಲಿ ಕರಗಿಸಿ ಅಡಿಗೆಯ ಉಪ್ಪು ಹಾಕಿದರೆ ಮೊಸರಿನಂತೆ ಒಡೆದು ತಳಕ್ಕೆ ಕೂರುತ್ತದೆ. ಆ ಮೊಸರಿಗೆ ಒಂದು ಹುಳಿ ಪುಡಿ ಸೇರಿಸಿ, ಒದ್ದೆ ಬಟ್ಟೆಯಲ್ಲಿ ಹಿತ್ತಾಳೆಗೆ ಉಜ್ಜಬೇಕು. ಕೇಕಿಗೆ ಹಾಕುವ ಆ ಪುಡಿ ಸ್ಟುಡಿಯೋದಲ್ಲಿರಲಿಲ್ಲ. ಅಕ್ಕು ಬೆಂದೂರಿನಲ್ಲಿ ಬೇಕರಿ ಇಟ್ಟಿದ್ದ ಎವ್ಲಿನ್ ಬಾಯಮ್ಮನ ಹತ್ತಿರ ಹೋದಳು.

"ಬಸ್ಸಿನ ಲೈಟಿಗೆ ಕೇಕಿನ ಪುಡಿಯಾ?" ಎಂದು ಎವ್ಲಿನ್ ಹುಬ್ಬೇರಿಸಿದಳು. "ಯುದ್ಧದಲ್ಲಿ ಮೈದಾವೇ ಇಲ್ಲ, ಕೇಕು ಯಾರು ಮಾಡ್ತಾರೆ? ತಕೊಂಡು ಹೋಗು. ಲೈಟು ಉಬ್ಬಿದರೆ ನನಗೂ ಒಂದು ತುಂಡು ಕೊಡು."

ಮೊದಲ ಸಲ ಬೆಳ್ಳಿ ತೇಪೆತೇಪೆಯಾಗಿ ಹತ್ತಿತು. ಎರಡನೆಯ ಸಲವೂ ಅಷ್ಟೆ. ಲೋಕಯ್ಯ ಬಟ್ಟಲನ್ನು ನೋಡಿ, "ಸಾಕು ಬಿಡು, ಸಾಹುಕಾರರು ಬೇರೆ ಎಂತಾದರೂ ಮಾಡ್ತಾರೆ" ಎಂದ. ಅಕ್ಕು ಬಿಡಲಿಲ್ಲ. ತೇಪೆಗಳನ್ನು ಮತ್ತೆ ಮತ್ತೆ ನೋಡಿದಾಗ ಒಂದು ಬಿಟ್ಟುಹೋದ ಜಾಗ ತನ್ನ ಹೆಬ್ಬೆರಳಿನ ಅಗಲಕ್ಕೇ ಇದೆಯೆಂದು ಅವಳಿಗೆ ಕಂಡಿತು. ದಿನವೂ ಕೊಬ್ಬರಿ ಎಣ್ಣೆ ಮುಟ್ಟುವ ಕೈ. ಬೆರಳಿನ ಪಸೆ ತಾಗಿದಲ್ಲಿ ಬೆಳ್ಳಿ ಕೂರುತ್ತಿರಲಿಲ್ಲ.

ಆಮೇಲೆ ಅವಳು ಅವಸರ ಮಾಡಲಿಲ್ಲ. ಗೀರುಗಳು ಮಾಯುವ ತನಕ ನುಣ್ಣನೆಯ ಇಟ್ಟಿಗೆ ಪುಡಿಯಿಂದ ಹಿತ್ತಾಳೆಯನ್ನು ತಿಕ್ಕಿದಳು. ಅಂಟುವಾಳ ಹಾಕಿ ತೊಳೆದಳು. ಪಸೆಯೆಲ್ಲ ಹೋಗಿ, ಸುರಿದ ನೀರು ಹನಿಹನಿಯಾಗಿ ಒಡೆಯದೆ ಹಾಳೆಯಂತೆ ನಿಂತ ಮೇಲೆಯೇ, ಬೆರಳಿಗೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಬೆಳ್ಳಿ ಉಜ್ಜಿದಳು. ಹಳದಿ ಮೆಲ್ಲನೆ ಬೂದಿಯಾಯಿತು, ಬೂದಿ ಬಿಳಿಯಾಯಿತು. ತೊಳೆದು ಒಣಗಿಸಿ, ಹಳೆಯ ಪಂಚೆಯ ಮೆತ್ತನೆಯ ತುಂಡಿಗೆ ದೀಪದ ಮಸಿ ಹಾಕಿ ಹಗುರವಾಗಿ ಒರಸಿದಾಗ ಬಟ್ಟಲೊಳಗಿನಿಂದ ಅವಳದೇ ಮುಖ ತಲೆಕೆಳಗಾಗಿ ನೋಡಿತು.

"ಇಲ್ಲಿ ಬನ್ನಿ!" ಎಂದು ಅವಳು ಕೂಗಿದ್ದು ನೆರೆಮನೆಗೂ ಕೇಳಿತು.

ಲೋಕಯ್ಯ ಬಂದು ಬಗ್ಗಿ ನೋಡಿ, ಮೀಸೆ ತಿರುವಿ, ಮತ್ತೆ ನೋಡಿದ. "ನನ್ನನ್ನು ತಲೆಕೆಳಗೆ ನಿಲ್ಲಿಸಿದೆಯಲ್ಲ ಮಾರಾಯ್ತಿ" ಎಂದ. ಹಲವು ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು.

ಗಾಜು ಕೂರಿಸುವ ಕೆಲಸ ಅವನದು. ಹೊಗೆ ಒಳಗೆ ನುಗ್ಗದ ಹಾಗೆ ಲಾಟೀನಿನ ಬತ್ತಿಯನ್ನು ಮೇಣದಲ್ಲಿ ಅದ್ದಿ ಅಂಚಿನ ಸುತ್ತ ಒತ್ತಿದ. ಸಂಜೆಯ ಬಸ್ಸು ಮತ್ತೆ ಹೊರಟ ದಿನ ಹಾಶಿಂ ಸಾಹುಕಾರರು ಅಕ್ಕುವನ್ನೂ ಹತ್ತಿಸಿದರು. ಮುಸ್ಸಂಜೆಯ ಮಬ್ಬಿನಲ್ಲಿ ರಸ್ತೆಯ ಎರಡೂ ಬದಿಯ ಗದ್ದೆಯಂಚು, ದೂರದಲ್ಲಿ ದನ ಅಟ್ಟಿಕೊಂಡು ಬರುವವನ ಮುಂಡಾಸು ಎಲ್ಲ ಬೆಳ್ಳಗೆ ಎದ್ದು ಬಂದವು. ಗುಲಾಬಿ ಖಾಲಿ ಬುಟ್ಟಿಯೊಡನೆ ಪಕ್ಕದಲ್ಲಿ ಕೂತಿದ್ದಳು.

"ಗುಲಾಬಿ, ಲೈಟು ಹಾಳು ಮಾಡಿದ್ದು ನಾನೇ" ಎಂದಳು ಅಕ್ಕು.

ಗುಲಾಬಿ ಅವಳ ಮುಖ ನೋಡಿದಳು, ರಸ್ತೆ ನೋಡಿದಳು. "ಒಳ್ಳೆದೇ ಆಯ್ತು ಬಿಡಿ ಅಕ್ಕಾ. ಮುಂಚೆ ಇಷ್ಟು ಬೆಳಕು ಎಲ್ಲಿತ್ತು?"

ಸುದ್ದಿ ಹಬ್ಬಲು ಹೆಚ್ಚು ಸಮಯ ಬೇಕಾಗಲಿಲ್ಲ. ಬಂದರಿನ ಲಾರಿಗಳು, ವಕೀಲರ ಕಾರುಗಳು, ಮೂಡಬಿದಿರೆಯ ಬಸ್ಸುಗಳು, ಎಲ್ಲವುಗಳ ದೀಪಗಳು ಜೆಪ್ಪಿನ ಅವರ ಮನೆಯ ಜಗಲಿಗೆ ಬರತೊಡಗಿದವು. ಬೆಳ್ಳಿಯನ್ನು ಅವರವರೇ ತರಬೇಕು. ಯಾರೋ ಮುರಿದ ಗೆಜ್ಜೆ ತಂದರು, ಯಾರೋ ಸೊಟ್ಟಾದ ಕುಂಕುಮದ ಭರಣಿ. ಅದನ್ನು ಹರಳು ಮಾಡಿ ಕೊಡುವುದು ಮಧ್ವರಾಜರ ಪಾಲಿಗೆ ಬಂತು. ಬೆಳ್ಳಿಯ ಆ ಮೊಸರು ತಾಗಿ ತಾಗಿ ಅಕ್ಕುವಿನ ಬೆರಳ ತುದಿಗಳು ಕಪ್ಪಾಗಿಯೇ ಉಳಿದವು. ಮದುವೆಮನೆಯಲ್ಲಿ ಯಾರಾದರೂ ಎಂತದು ಅಂತ ಕೇಳಿದರೆ "ಬೆಳ್ಳಿ" ಎನ್ನುವಳು. ಯಾರೂ ನಂಬುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೂ ಹೊಸ ದೀಪಗಳು ಕೂಡಲೇ ಬರಲಿಲ್ಲ. ಕಾರ್ಕಳದ ಒಂದು ವರ್ಕ್‌ಶಾಪಿನವರು ತಮ್ಮ ಇಬ್ಬರು ಮೆಕ್ಯಾನಿಕರಿಗೆ ಈ ಕೆಲಸ ಕಲಿಸಿ ಹೋಗಬೇಕೆಂದು ಹೇಳಿಕಳಿಸಿದರು. ಲೋಕಯ್ಯನಿಗೆ ರಜೆ ಇರಲಿಲ್ಲ. ಅಕ್ಕು ಒಬ್ಬಳೇ ಹೋದಳು. ಅಷ್ಟು ದೂರ ಅವಳು ಒಬ್ಬಳೇ ಹೋದದ್ದು ಅದೇ ಮೊದಲು. ಗಂಡಸರು ಮಾತ್ರ ಇರುವ ಶೆಡ್ಡಿನಲ್ಲಿ ಮಣೆ ಹಾಕಿ ಕೂತು, ಮೊದಲು ಅವರ ಕೈಯ ಗ್ರೀಸು ತೊಳೆಸಿದಳು. ತೇಪೆ ಬಿದ್ದಾಗ ಅವರು ಮುಖ ಸಣ್ಣ ಮಾಡಿದರೆ, "ನಾನು ಎರಡನ್ನು ಪೂರ್ತಿ ಹಾಳು ಮಾಡಿಯೇ ಕಲಿತದ್ದು, ಪುನಃ ತೊಳೆಯಿರಿ" ಎಂದಳು.

ಹಿಂದಿರುಗುವಾಗ ಸಿಕ್ಕಿದ ಬಸ್ಸಿನ ಡ್ರೈವರಿಗೆ ಅವಳ ಗುರುತಿರಲಿಲ್ಲ. ಅದರ ದೀಪಕ್ಕೆ ಬೆಳ್ಳಿ ಹಿಡಿಸಿದ್ದು ತಾನೆಂದು ಅವಳೂ ಹೇಳಿಕೊಳ್ಳಲಿಲ್ಲ. ಕಿಟಕಿಯ ಬದಿಗೆ ಸೆರಗು ಮಡಚಿ ತಲೆಗೆ ಒತ್ತಿಕೊಂಡು ಮಲಗಿದವಳು, ಹಂಪನಕಟ್ಟೆ ಬಂತೆಂದು ಕಂಡಕ್ಟರ್ ಕೂಗುವವರೆಗೂ ಎಚ್ಚರಾಗಲಿಲ್ಲ.