ಮಿಷನ್ನಿಗಿಲ್ಲದ ಜುಲ್ಮಾನೆ

ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಯನ್ನಾದರೂ ಕೊಡಿ ಎಂದು ನಾವು ಹೆಂಗಸರು ಕೇಳಿದ ದಿನ, ಮಂಡಿಯ ಸಾಹುಕಾರರು ಎಲೆಅಡಿಕೆ ಉಗಿದು ಬಂದು ಒಂದೇ ಮಾತು ಹೇಳಿದರು: "ಹಂಗಾರೆ ಮಿಷನ್ ತರುಸ್ತೀನಿ ಬುಡ್ರಿ."

ತಿಪಟೂರಿನ ಆ ಮಂಡಿಯಲ್ಲಿ ನನ್ನದು ಚಿಪ್ಪು ಒಡೆಯುವ ಕೆಲಸ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ತಟ್ಟಿ ಬಿಡಿಸಿ, ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ತೆಗೆಯಬೇಕು. ಉಂಡೆ ಒಡೆದರೆ ಬೆಲೆ ಬೀಳುತ್ತದೆ. ಒಡೆದದ್ದಕ್ಕೆಲ್ಲ ಜುಲ್ಮಾನೆ ಎಂದು ನಮ್ಮ ಕೂಲಿಯಲ್ಲಿ ಮುರಿದುಕೊಳ್ಳುವುದು ಅಲ್ಲಿನ ಪದ್ಧತಿ. ಹೊಸದಾಗಿ ಸೇರಿದಾಗ ನನ್ನ ಕೈಗೆ ಸಂತೆ ಖರ್ಚಿಗೂ ಸಾಲದಷ್ಟು ಬರುತ್ತಿತ್ತು.

ಮಿಷನ್ ಎಂದ ಕೂಡಲೇ ಕೆಲವರು ಹಿಂಜರಿದರು. ಪಕ್ಕದಲ್ಲೇ ಕೂರುವ ನನ್ನ ವಾರಗಿತ್ತಿ, "ಸುಮ್ಕಿರೇ, ಇರೋದೂ ಹೋದಾತು," ಎಂದಳು. ನನಗೆ ಭಯಕ್ಕಿಂತ ಸಿಟ್ಟೇ ಬಂತು. ಇಷ್ಟು ವರ್ಷ ನೆಲದ ಮೇಲೆ ಕೂತು ನಮ್ಮ ಸೊಂಟ ಬಿದ್ದುಹೋಗುತ್ತಿದ್ದಾಗ ಒಂದು ಮಣೆ ತರಿಸಲೂ ಯೋಚಿಸದ ತಲೆಗೆ, ಕೂಲಿ ಕೇಳಿದೊಡನೆ ಎಂಥಾ ವಿಜ್ಞಾನ ಹೊಳೆಯಿತು! ಅಗ್ಗದ ಕೈಗಳು ಸಿಗುತ್ತಿದ್ದಷ್ಟು ದಿನ ಯಾರಿಗೂ ಹೊಸ ಯಂತ್ರ ಬೇಕಿರಲಿಲ್ಲ. ಈಗಲೂ ಹೇಳುತ್ತೇನೆ, ಆ ಮಿಷನ್ ತರಿಸಿದವರು ನಾವು.

ಅದು ಬಂದ ದಿನ ಹಾರ, ಕುಂಕುಮ, ಮಂಗಳಾರತಿ ಎಲ್ಲ ಆಯಿತು. ಕಾಯಿ ಹಾಕಲು ನನ್ನನ್ನು ನಿಲ್ಲಿಸಿದರು. ಉಳಿದವರು ಎಂದಿನಂತೆ ಮಚ್ಚು ಹಿಡಿದು ಕೂತಿದ್ದರು. ಮಿಷನ್ ಗಡಗಡ ಸದ್ದು ಮಾಡುತ್ತಾ, ಒಂದೂ ಉಂಡೆ ಉಳಿಸದೆ ಕೊಬ್ಬರಿಯನ್ನು ಹೋಳು ಹೋಳಾಗಿಯೇ ಉದುರಿಸಿತು. ಸಾಹುಕಾರರು ಅದರ ಬೆನ್ನು ಸವರಿ, "ಹೊಸದಲ್ವಾ, ಪಳಗ್ಬೇಕು ಕಣವ್ವಾ. ಒಂದು ತಿಂಗ್ಳು ತಡಿ," ಎಂದರು.

ನಾನು ಉದುರಿದ ಹೋಳುಗಳತ್ತ ಕೈ ತೋರಿದೆ.

"ಸಾವ್ಕಾರ್ರೇ, ಇದುಕ್ಕೆ ಎಷ್ಟು ಮುರ್ಕೊಂಡ್ರಿ?"

"ಮಿಷನ್‌ಗೆ ಏನೇ ಮುರ್ಕಳದು?"

"ನಾನೂ ಹೊಸಬಳಾಗೇ ಬಂದಿದ್ದೆ. ಪಳಗ್ಲಿ ಅಂತ ನಂಗ್ಯಾರೂ ಅನ್ನಲಿಲ್ವಲ್ಲ?"

"ಇಷ್ಟ ಇಲ್ದಿದ್ರೆ ಹೋಗ್ತಾ ಇರು."

ನಾನು ಹೋಗಲಿಲ್ಲ. ಸ್ವಿಚ್ ಆರಿಸಿ, ಅದರ ಮುಂದೆಯೇ ಕೂತೆ. ಸುಮ್ಮನಿರು ಎಂದಿದ್ದ ವಾರಗಿತ್ತಿಯೇ ಮೊದಲು ಮಚ್ಚು ಕೆಳಗಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಮರುದಿನದ ಹರಾಜಿಗೆ ಮಾಲು ತುಂಬಲು ಬಂದ ಲಾರಿ ಬಾಗಿಲಲ್ಲಿ ಹಾರನ್ ಹೊಡೆಯುತ್ತಲೇ ಇತ್ತು. ಸಾಹುಕಾರರು ಬೈದರು, ಫೋನ್ ಮಾಡಿದರು, ಬೇರೆ ಆಳು ಹುಡುಕಿಸಿದರು; ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದನಿ ತಗ್ಗಿಸಿ, "ಏಳ್ರವ್ವಾ, ಸರ್ಕಾರಿ ಕೂಲೀನೇ ಕೊಡ್ತೀನಿ. ಮುರ್ಕಳಲ್ಲ," ಎಂದರು.

ಮಿಷನ್ ಪಳಗುತ್ತದೆ, ನಾಳೆ ನಮ್ಮಲ್ಲಿ ಕೆಲವರ ಜಾಗ ಕೇಳುತ್ತದೆ, ಅದು ನನಗೆ ಗೊತ್ತು. ಆವತ್ತೂ ಪ್ರಶ್ನೆ ಕೇಳುವವಳು ನಾನೇ. ಆದರೆ ಸಾಹುಕಾರರು ಒಪ್ಪಿದ ಆ ಸಂಜೆ, ಒಡೆದ ಉಂಡೆಗಳನ್ನು ಜುಲ್ಮಾನೆಗೆ ಹೆದರಿ ಇಷ್ಟು ವರ್ಷ ಸೆರಗಿನಡಿ ಬಚ್ಚಿಟ್ಟು ಮನೆಗೆ ಒಯ್ಯುತ್ತಿದ್ದ ನನ್ನ ವಾರಗಿತ್ತಿ, ತನ್ನ ಮಚ್ಚಿಗೆ ಒಡೆದ ಒಂದು ಹೋಳನ್ನು ಎತ್ತಿ ಸಾಹುಕಾರರ ಕಣ್ಣೆದುರೇ ಮಂಡಿಯ ಬುಟ್ಟಿಗೆ ಹಾಕಿದಳು.